ಮೊದಲು ಮಗುಚುವ ಪಾಠ

ಹಾಯಿದೋಣಿ ಕಲಿಯಲು ಬಂದ ಎಂಟು ವರ್ಷದ ಮಗುವಿಗೆ ಒಳ್ಳೆಯ ಗುರು ಮೊದಮೊದಲ ದಿನಗಳಲ್ಲೇ ಕಲಿಸುವ ಪಾಠ ಒಂದಿದೆ: ದೋಣಿಯನ್ನು ಮಗುಚುವುದು. ಬೇಕೆಂದೇ ಮಗುಚುವುದು. ಮಗು ದೋಣಿಯ ಒಂದು ಅಂಚಿಗೆ ಭಾರ ಹಾಕುತ್ತದೆ, ಹಾಯಿ ನೀರಿಗೆ ಬಡಿಯುತ್ತದೆ, ಮಗು ದೊಪ್ಪನೆ ಬೀಳುತ್ತದೆ. ಮೂಗು ಬಾಯಿಗೆ ಒಂದಿಷ್ಟು ನೀರು ಹೋಗಿ ಕೆಮ್ಮು ಬರುತ್ತದೆ. ಆಮೇಲೆ, ಲೈಫ್ ಜಾಕೆಟ್ ತನ್ನನ್ನು ಎತ್ತಿ ಹಿಡಿದಿದೆ ಎಂಬುದು ಅದಕ್ಕೆ ಗೊತ್ತಾಗುತ್ತದೆ. ಈಜುತ್ತ ದೋಣಿಯ ತಳದ ಕಡೆಗೆ ಬಂದು, ಅಲ್ಲಿ ಹೊರಚಾಚಿದ ಹಲಗೆಯನ್ನು ಹಿಡಿದು, ಅದರ ಮೇಲೆ ಮೈಭಾರವನ್ನೆಲ್ಲ ಬಿಟ್ಟರೆ ದೋಣಿ ನಿಧಾನಕ್ಕೆ ಎದ್ದು ನಿಲ್ಲುತ್ತದೆ, ಹಾಯಿಯಿಂದ ನೀರು ಸುರಿಯುತ್ತದೆ. ಮಗು ಹತ್ತಿ ಕೂತು, ಪುಟ್ಟ ಬಕೆಟ್ಟಿನಿಂದ ನೀರು ಮೊಗೆದು ಚೆಲ್ಲಿ, ಮತ್ತೆ ಹೊರಡುತ್ತದೆ. ಹೀಗೆ ನಾಲ್ಕು ಸಲ ಬಿದ್ದೆದ್ದ ಮಗುವನ್ನು ಐದನೆಯ ಸಲ ಗಾಳಿಯೇ ಕೆಡವಿದರೆ ಅದು ಕಿರುಚಿಕೊಳ್ಳುವುದಿಲ್ಲ; ಹಲಗೆ ಎಲ್ಲಿದೆ ಎಂದು ಹುಡುಕುತ್ತದೆ.

ಮಕ್ಕಳ ಆ ದೋಣಿಯ ಹೆಸರು ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ ಕ್ಲಾರ್ಕ್ ಮಿಲ್ಸ್ ಎಂಬ ದೋಣಿಗಾರ ಇದನ್ನು ರೂಪಿಸಿದ. ಹುಡುಗರು ಮರದ ಗಾಡಿಗಳನ್ನು ತಾವೇ ಮಾಡಿಕೊಂಡು ಇಳಿಜಾರಿನಲ್ಲಿ ಓಡಿಸುವ ಪಂದ್ಯ ಆಗ ಜನಪ್ರಿಯವಾಗಿತ್ತು. ಅಷ್ಟೇ ಅಗ್ಗದ ಆಟವೊಂದು ನೀರಿನ ಮೇಲೂ ಬೇಕು, ಖರ್ಚು 50 ಡಾಲರ್ ಮೀರಬಾರದು ಎಂದು ಊರಿನವರು ಕೇಳಿದ್ದರು. ಅವನು ಪ್ಲೈವುಡ್ ಕೊಯ್ದು, ಮೂತಿ ಚಪ್ಪಟೆಯಾದ, ಏಳೂಮುಕ್ಕಾಲು ಅಡಿ ಉದ್ದದ, ಪೆಟ್ಟಿಗೆಯಂಥ ದೋಣಿಯೊಂದನ್ನು ಮಾಡಿಕೊಟ್ಟ. ಇವತ್ತು ನೂರಕ್ಕೂ ಹೆಚ್ಚು ದೇಶಗಳ ಮಕ್ಕಳು ಇದರಲ್ಲಿ ಕಲಿಯುತ್ತಾರೆ.

ದೊಡ್ಡ ಹಾಯಿಹಡಗಿನ ತಳದಲ್ಲಿ ಕಬ್ಬಿಣವೋ ಸೀಸವೋ ತುಂಬಿದ ಭಾರ ಇರುತ್ತದೆ. ಗಾಳಿ ಅದನ್ನು ಓಲಿಸಿದರೂ ತಳದ ಭಾರ ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಡಿಂಗಿ ಎಂದು ಕರೆಯುವ ಸಣ್ಣ ಹಾಯಿದೋಣಿಗೆ ಆ ಭಾರ ಇಲ್ಲ. ಅದರಲ್ಲಿ ಕೂತವರ ಮೈಯೇ ಭಾರ. ಗಾಳಿ ಹಾಯಿಯನ್ನು ಒಂದು ಕಡೆಗೆ ಒತ್ತಿದಾಗ ಅವರು ಇನ್ನೊಂದು ಕಡೆಗೆ ಬೆನ್ನು ಚಾಚಿ ತೂಗಬೇಕು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಕೂತವರ ತೂಕ ಮಾತ್ರ ಅಷ್ಟೇ ಇರುತ್ತದೆ. ಕಯಾಕ್‌ನದೂ ಹೆಚ್ಚು ಕಡಿಮೆ ಇದೇ ಕಥೆ. ಸೊಂಟದಗಲದ ಆ ದೋಣಿ ಹುಟ್ಟಿನ ಒಂದು ತಪ್ಪು ಎಳೆತಕ್ಕೆ ಉರುಳಿಬಿಡಬಲ್ಲದು. ಹೀಗಾಗಿ ಮಗುಚುವುದು ಈ ಆಟದಲ್ಲಿ ಇದ್ದದ್ದೇ. ಅಪಾಯ ಶುರುವಾಗುವುದು ಆಮೇಲೆ: ಮತ್ತೆ ಹತ್ತಲಾರದೆ, ದಡ ಸೇರಲಾರದೆ, ತಾವು ಎಲ್ಲಿದ್ದೇವೆಂದು ದಡದಲ್ಲಿ ಯಾರಿಗೂ ತಿಳಿಯದೆ ನೀರಿನಲ್ಲಿ ಕಳೆಯುವ ಹೊತ್ತಿನಲ್ಲಿ. ಆ ಹೊತ್ತು ಎಷ್ಟು ಉದ್ದವಾಗುತ್ತದೆ ಎಂಬುದು ಬಹುಪಾಲು ದಡದ ಮೇಲೆಯೇ, ದೋಣಿ ನೀರಿಗೆ ಇಳಿಯುವ ಮುನ್ನವೇ ತೀರ್ಮಾನವಾಗಿರುತ್ತದೆ. ಇಂಗ್ಲೆಂಡಿನಲ್ಲಿ ನಡೆದ ಒಂದು ಘಟನೆ ಇದನ್ನು ಬಿಡಿಸಿ ತೋರಿಸುತ್ತದೆ.

1993ರ ಮಾರ್ಚ್ 22. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಎಂಬ ಪುಟ್ಟ ಊರು. ಪ್ಲಿಮತ್ ನಗರದ ಶಾಲೆಯೊಂದರ ಎಂಟು ವಿದ್ಯಾರ್ಥಿಗಳು, ಅವರ ಒಬ್ಬ ಶಿಕ್ಷಕ, ಸಾಹಸ ಶಿಬಿರದ ಇಬ್ಬರು ತರಬೇತುದಾರರು, ಒಟ್ಟು ಹನ್ನೊಂದು ಮಂದಿ ಬೆಳಿಗ್ಗೆ ಕಯಾಕ್‌ಗಳಲ್ಲಿ ಹೊರಟರು. ಹೋಗಬೇಕಾದದ್ದು ಪಕ್ಕದ ಚಾರ್‌ಮತ್ ಊರಿಗೆ, ದಂಡೆಗುಂಟ ಸುಮಾರು ಎರಡು ಮೈಲಿ. ಮಧ್ಯಾಹ್ನದ ಊಟಕ್ಕೆ ಅಲ್ಲಿರಬೇಕಿತ್ತು. ಮಕ್ಕಳು ಹದಿನಾರು ಹದಿನೇಳರ ಪ್ರಾಯದವರು, ಕಯಾಕ್‌ಗೆ ಹೊಸಬರು.

ಅಂದು ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತಿತ್ತು. ಅಂಥ ಗಾಳಿ ಹೇಗೆ ಮೋಸ ಮಾಡುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನೆಲದ ಕಡೆಯಿಂದ ಗಾಳಿ ಬೀಸುವಾಗ ದಂಡೆಯ ಹತ್ತಿರದ ನೀರು ಕನ್ನಡಿಯಂತಿರುತ್ತದೆ. ಗುಡ್ಡ, ಮರ, ಮನೆಗಳು ಗಾಳಿಗೆ ಅಡ್ಡ ನಿಂತಿರುತ್ತವೆ. ಅಲೆ ಏಳಲು ಗಾಳಿಗೆ ನೀರಿನ ಮೇಲೆ ಒಂದಿಷ್ಟು ದೂರ ಓಡಲು ಜಾಗ ಬೇಕು. ದಂಡೆಯ ಬಳಿ ಅಷ್ಟು ಜಾಗ ಇರುವುದಿಲ್ಲ. ದಂಡೆಯಲ್ಲಿ ನಿಂತವರ ಕಣ್ಣಿಗೆ ದೂರದ ಅಲೆಗಳ ಬೆನ್ನು ಮಾತ್ರ ಕಾಣುತ್ತದೆ, ಅವು ಒಡೆಯುವ ಮುಖ ಕಾಣುವುದಿಲ್ಲ. ಹೋಗುವುದು ಹಗುರ, ಗಾಳಿಯೇ ಬೆನ್ನು ತಳ್ಳುತ್ತದೆ. ಅರ್ಧ ಕಿಲೋಮೀಟರ್ ದಾಟಿ ತಿರುಗಿದಾಗ ಗಾಳಿಯೂ ಅಲೆಯೂ ಬೇರೆಯೇ ಆಗಿರುತ್ತವೆ. ಹೊಸಬ ಹುಟ್ಟು ಹಾಕಿದರೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ಸಾಗಿಯಾನು. ಎದುರುಗಾಳಿ ಜೋರಾದರೆ ಅದೂ ಇಲ್ಲ, ಇದ್ದಲ್ಲೇ ತೋಳು ಸೋಲುತ್ತದೆ.

ಆ ಹನ್ನೊಂದು ಮಂದಿಗೆ ಆದದ್ದು ಅದೇ. ಹೊರಟ ಸ್ವಲ್ಪ ಹೊತ್ತಿನಲ್ಲೇ ಶಿಕ್ಷಕರ ಕಯಾಕ್ ಮಗುಚಿತು, ಎತ್ತಿದರೆ ಮತ್ತೆ ಮಗುಚಿತು. ಒಬ್ಬ ತರಬೇತುದಾರ ಅವರ ಜೊತೆ ಉಳಿದ. ಇನ್ನೊಬ್ಬರು ಎಂಟು ಮಕ್ಕಳ ಕಯಾಕ್‌ಗಳನ್ನು ಒಂದಕ್ಕೊಂದು ತಾಗಿಸಿ, ಕೈಕೈ ಹಿಡಿದು ತೆಪ್ಪದಂತೆ ನಿಲ್ಲಿಸಿದರು. ತೆಪ್ಪ ನಿಂತಲ್ಲಿ ನಿಲ್ಲಲಿಲ್ಲ, ಗಾಳಿ ಅದನ್ನು ಕಡಲಿಗೆ ಒಯ್ಯುತ್ತಲೇ ಇತ್ತು. ಎರಡು ಗುಂಪು ಒಂದರ ಕಣ್ಣಿಗೆ ಇನ್ನೊಂದು ಕಾಣದಾದವು. ಅಲೆ ಎದ್ದಂತೆ ಕಯಾಕ್‌ಗಳಿಗೆ ನೀರು ತುಂಬಿತು. ಕೂರುವ ಬಾಯಿಯನ್ನು ಸೊಂಟಕ್ಕೆ ಬಿಗಿದು ಮುಚ್ಚುವ ಬಟ್ಟೆ ಮಕ್ಕಳಿಗೆ ಕೊಟ್ಟಿರಲಿಲ್ಲ. ಒಂದೊಂದಾಗಿ ಕಯಾಕ್‌ಗಳು ಮಗುಚಿದವು. ಮಾರ್ಚ್ ತಿಂಗಳ ಆ ಕಡಲು ನಮ್ಮ ಫ್ರಿಜ್ಜಿನೊಳಗಿನ ನೀರಿಗಿಂತ ಹೆಚ್ಚು ಬೆಚ್ಚಗೇನೂ ಇರಲಿಲ್ಲ. ತರಬೇತುದಾರರ ಬಳಿ ರೇಡಿಯೊ ಇಲ್ಲ, ಆಕಾಶಕ್ಕೆ ಹಾರಿಸುವ ಬೆಳಕಿನ ಬಾಣ ಇಲ್ಲ. ಅವರಿಗಿದ್ದ ಅರ್ಹತೆ ತೀರ ಪ್ರಾಥಮಿಕ ಹಂತದ್ದು.

ಮಧ್ಯಾಹ್ನಕ್ಕೆ ಚಾರ್‌ಮತ್‌ನಲ್ಲಿ ಇರಬೇಕಾದವರು ಬರಲಿಲ್ಲ. ಶಿಬಿರದವರು ಕರಾವಳಿ ರಕ್ಷಕರಿಗೆ ಸುದ್ದಿ ಮುಟ್ಟಿಸುವಾಗ ಮೂರು ಗಂಟೆ ದಾಟಿತ್ತು. ಹೆಲಿಕಾಪ್ಟರ್‌ಗಳು ಅವರನ್ನು ನೀರಿನಿಂದ ಎತ್ತುವ ಹೊತ್ತಿಗೆ ಸಂಜೆ. ನಾಲ್ಕು ಮಕ್ಕಳು ಉಳಿಯಲಿಲ್ಲ.

ತನಿಖೆಯಲ್ಲಿ ಹೊರಬಂದ ಒಂದು ಸಂಗತಿ ಬ್ರಿಟನ್ನಿನ ತಂದೆತಾಯಿಗಳನ್ನು ಇನ್ನಷ್ಟು ಕಂಗೆಡಿಸಿತು. ಹಿಂದಿನ ವರ್ಷವೇ ಅದೇ ಶಿಬಿರದ ಇಬ್ಬರು ತರಬೇತುದಾರರು, ಇಲ್ಲಿ ಸುರಕ್ಷತೆಯ ವ್ಯವಸ್ಥೆ ಸರಿಯಿಲ್ಲ, ಹೀಗೇ ಬಿಟ್ಟರೆ ಒಂದು ದಿನ ಮಕ್ಕಳು ಮನೆಗೆ ಮರಳುವುದಿಲ್ಲ ಎಂಬ ಅರ್ಥದ ಪತ್ರ ಬರೆದಿಟ್ಟು ಕೆಲಸ ಬಿಟ್ಟಿದ್ದರು. ಪತ್ರ ಶಿಬಿರ ನಡೆಸುತ್ತಿದ್ದ ಕಂಪನಿಯ ಆಡಳಿತ ನಿರ್ದೇಶಕನ ಕೈ ಸೇರಿತ್ತು. 1994ರಲ್ಲಿ ವಿಂಚೆಸ್ಟರ್ ನ್ಯಾಯಾಲಯ ಆತನಿಗೆ ಮೂರು ವರ್ಷ ಸೆರೆವಾಸ ವಿಧಿಸಿತು; ಮೇಲ್ಮನವಿಯಲ್ಲಿ ಅದು ಎರಡು ವರ್ಷಕ್ಕೆ ಇಳಿಯಿತು. ಕಂಪನಿಗೆ 60,000 ಪೌಂಡ್ ದಂಡ. ಇಂಗ್ಲೆಂಡಿನ ನ್ಯಾಯಾಲಯವೊಂದು ಒಂದು ಕಂಪನಿಯನ್ನೇ ನರಹತ್ಯೆಯ ಅಪರಾಧಿ ಎಂದು ತೀರ್ಮಾನಿಸಿದ್ದು ಅದೇ ಮೊದಲು.

ಆಮೇಲೆ ನಡೆದದ್ದನ್ನೂ ಹೇಳಬೇಕು, ಅದು ನಮಗೆ ಬೇಕಾದ ಭಾಗ. ಮಕ್ಕಳನ್ನು ನೀರಿಗೆ ಕಳಿಸುವುದನ್ನೇ ನಿಲ್ಲಿಸೋಣ ಎಂದು ಅಲ್ಲಿಯ ಸಂಸತ್ತು ಹೇಳಲಿಲ್ಲ. 1995ರಲ್ಲಿ ಒಂದು ಕಾನೂನು ಮಾಡಿತು: ಹದಿನೆಂಟರೊಳಗಿನವರಿಗೆ ದುಡ್ಡು ಪಡೆದು ಇಂಥ ಸಾಹಸ ಕ್ರೀಡೆ ನಡೆಸುವ ಕೇಂದ್ರ ಪರವಾನಗಿ ಪಡೆಯಬೇಕು, ಪರವಾನಗಿ ಕೊಡುವ ಮುನ್ನ ವಿಷಯ ಬಲ್ಲವರು ಬಂದು ತಪಾಸಣೆ ಮಾಡಬೇಕು. ಮಕ್ಕಳು ಕಯಾಕ್ ಹತ್ತುತ್ತಲೇ ಇದ್ದಾರೆ. ನಮ್ಮಲ್ಲಿ ದುರಂತ ನಡೆದ ಮರುದಿನ ನಿಷೇಧದ ಮಾತು ಬರುತ್ತದೆ, ಮೂರು ತಿಂಗಳಿಗೆ ಅದು ಮರೆತುಹೋಗುತ್ತದೆ, ದೋಣಿಗಳು ಮೊದಲಿನಂತೆಯೇ ಹೊರಡುತ್ತವೆ. ನಿಷೇಧದಿಂದ ಯಾವ ಜಾಕೆಟ್ಟೂ ಹೊಸದಾಗುವುದಿಲ್ಲ, ಯಾವ ಹುಡುಗನಿಗೂ ಗಾಳಿಯ ದಿಕ್ಕು ಓದಲು ಬರುವುದಿಲ್ಲ. ತಪಾಸಣೆಯಿಂದ ಎರಡೂ ಆಗುತ್ತವೆ.

ಮಗುಚಿದ ದೋಣಿಯನ್ನು ಬಿಟ್ಟು ದಡಕ್ಕೆ ಈಜಿಬಿಡೋಣ ಎನಿಸುವುದು ಸಹಜ. ದಡ ಹತ್ತಿರದಲ್ಲೇ ಕಾಣುತ್ತಿರುತ್ತದೆ. ನೀರಿನ ಮಟ್ಟದಲ್ಲಿ ಕಣ್ಣಿಟ್ಟು ನೋಡುವವರಿಗೆ ದೂರದ ಅಂದಾಜು ಸಿಗುವುದಿಲ್ಲ. ಬಲ್ಲವರು ಹೇಳುವುದು ಒಂದೇ ಮಾತು, ದೋಣಿ ಬಿಡಬೇಡಿ. ಅದು ತೇಲುತ್ತದೆ, ಹಿಡಿದುಕೊಳ್ಳಲು ಸಿಗುತ್ತದೆ, ಹುಡುಕುವವರ ಕಣ್ಣಿಗೆ ಮನುಷ್ಯನ ತಲೆಗಿಂತ ಬೇಗ ಬೀಳುತ್ತದೆ. ದೊಡ್ಡ ಹಾಯಿದೋಣಿಗಳ ಲೋಕದಲ್ಲಿ ಇದಕ್ಕೆ ಘೋರವಾದ ಸಾಕ್ಷಿಯಿದೆ. 1979ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಿಂದ ಐರ್ಲೆಂಡಿನ ಫಾಸ್ಟ್‌ನೆಟ್ ಬಂಡೆ ಸುತ್ತಿ ಬರುವ ಪಂದ್ಯಕ್ಕೆ 303 ದೋಣಿಗಳು ಹೊರಟಿದ್ದವು. ಬಿರುಗಾಳಿಗೆ ಸಿಕ್ಕಿ 15 ಸ್ಪರ್ಧಿಗಳು ಸತ್ತರು. ಹೆದರಿದವರು 24 ದೋಣಿಗಳನ್ನು ತೊರೆದಿದ್ದರು, ಕೆಲವರು ಗಾಳಿ ತುಂಬಿದ ರಬ್ಬರಿನ ತೆಪ್ಪಕ್ಕೆ ಇಳಿದು ಅಲ್ಲಿಂದಲೇ ನೀರುಪಾಲಾದರು. ಬಿರುಗಾಳಿ ಇಳಿದ ಮೇಲೆ ನೋಡಿದರೆ, ತೊರೆದುಹೋದ ದೋಣಿಗಳಲ್ಲಿ 19 ಇನ್ನೂ ತೇಲುತ್ತಿದ್ದವು.

ಕಯಾಕ್ ಎಂಬುದು ಮೂಲದಲ್ಲಿ ಉತ್ತರ ಧ್ರುವದ ಸುತ್ತಲಿನ ಇನ್ಯುಯಿಟ್ ಜನರ ಬೇಟೆಯ ದೋಣಿ. ಮಂಜುಗಡ್ಡೆಯ ನೀರಿನಲ್ಲಿ ಈಜುವುದೆಂದರೆ ಸಾವು. ಅದಕ್ಕೇ ಅವರು ಮಗುಚಿದ ಕಯಾಕ್‌ನಿಂದ ಹೊರಬರದೆ, ನೀರಿನೊಳಗಿನಿಂದಲೇ ಹುಟ್ಟನ್ನು ಬೀಸಿ, ಸೊಂಟ ತಿರುಚಿ, ಮತ್ತೆ ಮೇಲೆದ್ದು ಕೂರುವ ವಿದ್ಯೆ ಕಂಡುಕೊಂಡರು. ಹುಟ್ಟು ಕಳೆದುಹೋದರೆ ಬರಿಗೈಯಲ್ಲಿ ಏಳುವ ಪಟ್ಟುಗಳೂ ಅವರಲ್ಲಿದ್ದವು. ಗೀನೊ ವಾಟ್ಕಿನ್ಸ್ ಎಂಬ ಇಂಗ್ಲಿಷ್ ಅನ್ವೇಷಕ ಗ್ರೀನ್‌ಲೆಂಡಿಗೆ ಹೋಗಿ ಅವರಿಂದಲೇ ಈ ವಿದ್ಯೆ ಕಲಿತ. ಮಗುಚಿ ಏಳುವುದರಲ್ಲಿ ಪಳಗಿದವನೆಂದು ಹೆಸರಾದ. 1932ರ ಆಗಸ್ಟ್ 20ರಂದು ಪೂರ್ವ ಗ್ರೀನ್‌ಲೆಂಡಿನಲ್ಲಿ ಸೀಲ್ ಬೇಟೆಗೆಂದು ಒಬ್ಬನೇ ಕಯಾಕ್ ಹತ್ತಿ ಹೋದ. ಸಂಗಡಿಗರಿಗೆ ಸಿಕ್ಕಿದ್ದು ತಲೆಕೆಳಗಾಗಿ ತೇಲುತ್ತಿದ್ದ ಕಯಾಕ್, ತೇಲುವ ಮಂಜುಗಡ್ಡೆಯೊಂದರ ಮೇಲೆ ಅವನ ಷರಾಯಿ ಮತ್ತು ಸೊಂಟಪಟ್ಟಿ. ದೇಹ ಸಿಗಲೇ ಇಲ್ಲ. ಅವನಿಗೆ ಇಪ್ಪತ್ತೈದು ವರ್ಷ. ಅವನ ಕೌಶಲದ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ, ಅಂದು ಪಕ್ಕದಲ್ಲಿ ಇನ್ನೊಂದು ಕಯಾಕ್ ಇರಲಿಲ್ಲ.

ತಣ್ಣೀರಿನ ಮಾತು ಬಂದಿತು. ಇಂಗ್ಲೆಂಡ್, ಐರ್ಲೆಂಡ್, ಕೆನಡಾಗಳಲ್ಲಿ ನೆಲೆಸಿದ ಕನ್ನಡಿಗರು ಇದನ್ನು ಗಮನವಿಟ್ಟು ಕೇಳಬೇಕು. ಮೇ ತಿಂಗಳಲ್ಲಿ ಅಲ್ಲಿ ಬಿಸಿಲು ಹೊಳೆಯುತ್ತದೆ, ವಾರಾಂತ್ಯಕ್ಕೆ ಗೆಳೆಯರೆಲ್ಲ ಸೇರಿ ಸರೋವರಕ್ಕೆ ಹೋಗಿ ಕಯಾಕ್ ಬಾಡಿಗೆ ಹಿಡಿಯುತ್ತಾರೆ. ಗಾಳಿ ಬೆಚ್ಚಗಿದ್ದರೂ ನೀರು ಇನ್ನೂ ಚಳಿಗಾಲದಲ್ಲೇ ಇರುತ್ತದೆ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ತಟ್ಟನೆ ಬಿದ್ದ ದೇಹ ತಾನಾಗಿ ಬಾಯ್ತೆರೆದು ಉಸಿರೆಳೆದುಕೊಳ್ಳುತ್ತದೆ. ತಲೆ ಆ ಕ್ಷಣ ನೀರಿನೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ. ಒಳ್ಳೆಯ ಈಜುಗಾರರು ಕೂಡ ದಡದಿಂದ ಹತ್ತಡಿಯಲ್ಲಿ ಮುಳುಗುವುದು ಹೀಗೆ. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ, ತಾನೇ ಹಿಮನೀರಿಗೆ ಇಳಿದು ಪ್ರಯೋಗ ಮಾಡಿದವರು, ಇದನ್ನು ಮೂರು ಅಂಕಿಗಳಲ್ಲಿ ಹೇಳಿಕೊಟ್ಟಿದ್ದಾರೆ: ಒಂದು, ಹತ್ತು, ಒಂದು. ಉಸಿರು ಹತೋಟಿಗೆ ಬರಲು ಒಂದು ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಹತ್ತು ನಿಮಿಷ. ಚಳಿಗೆ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಮೊದಲ ನಿಮಿಷದಲ್ಲಿ ಈಜಲು ಹೋಗದೆ ಸುಮ್ಮನೆ ತೇಲಿಕೊಂಡಿರಬೇಕು. ಬ್ರಿಟನ್ನಿನಲ್ಲಿ 1824ರಿಂದ ಕಡಲಿನಲ್ಲಿ ಜೀವ ಉಳಿಸುತ್ತ ಬಂದಿರುವ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಸಂಸ್ಥೆಯೂ ಜನರಿಗೆ ಕಲಿಸುತ್ತಿರುವುದು ಇದನ್ನೇ: ಬಿದ್ದರೆ ತಲೆ ಹಿಂದಕ್ಕೆ ಚೆಲ್ಲಿ, ಕೈಕಾಲು ಅಗಲಿಸಿ ತೇಲಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಮುಂದಿನ ಯೋಚನೆ.

ನಮ್ಮ ಕರಾವಳಿಯ ನೀರು ಬೆಚ್ಚಗಿದೆ. ಆದ್ದರಿಂದ ಚಳಿ ಕೊಲ್ಲುವುದಿಲ್ಲ. ಕೊಲ್ಲುವ ಬೇರೆ ಸಂಗತಿಗಳಿವೆ. ಮಳೆಗಾಲ ಕಳೆದು ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ, ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾ ನದಿಯಲ್ಲಿ, ಕಾಂಡ್ಲಾ ಎಂಬ ಮ್ಯಾಂಗ್ರೋವ್ ಗಿಡಗಳ ಕಾಡಿನ ನಡುವೆ ಬಣ್ಣಬಣ್ಣದ ಪ್ಲಾಸ್ಟಿಕ್ ಕಯಾಕ್‌ಗಳು ಸುಳಿದಾಡುತ್ತವೆ. ಇದು ಬಹಳ ಚೆಂದದ ಆಟ. ಮೋಟಾರಿನ ಸದ್ದಿಲ್ಲ, ಹೊಗೆಯಿಲ್ಲ. ಮಿಂಚುಳ್ಳಿ ಎರಡು ಮಾರು ದೂರದಲ್ಲಿ ಕೂತಿರುತ್ತದೆ. ಹಿನ್ನೀರು ನಿಂತ ನೀರಿನಂತೆ ಕಾಣುತ್ತದೆ, ಆದರೆ ನಿಂತಿರುವುದಿಲ್ಲ. ದಿನಕ್ಕೆ ಎರಡು ಸಲ ಕಡಲು ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ಅಷ್ಟೂ ನೀರು ಅಳಿವೆಯ ಕಿರಿದಾದ ಬಾಯಿಯಿಂದ ಕಡಲಿಗೆ ನುಗ್ಗಬೇಕು. ಹೊರಹೋಗುವ ಆ ಸೆಳೆತ, ಒಳಬರುವ ಅಲೆಗೆ ಎದುರಾಗುವ ಜಾಗದಲ್ಲಿ ನೀರು ಕಡಿದಾಗಿ ಎದ್ದು ಒಡೆಯುತ್ತದೆ. ದೊಡ್ಡ ಮೀನುಗಾರಿಕಾ ದೋಣಿಗಳೇ ಅಳಿವೆಯಲ್ಲಿ ಮಗುಚಿದ ಉದಾಹರಣೆಗಳು ಕರಾವಳಿಯ ಹಲವು ಬಂದರುಗಳಲ್ಲಿ ಸಿಗುತ್ತವೆ. ಒಂದು ಕಿಲೋಮೀಟರ್ ಮೇಲೆ, ಕಾಂಡ್ಲಾ ನೆರಳಿನಲ್ಲಿ, ಆರಾಮವಾಗಿ ತೇಲುತ್ತಿರುವವರಿಗೆ ತಾವು ಅತ್ತ ಸರಿಯುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಪಂಚಾಂಗದಲ್ಲಿ ತಿಥಿ ನೋಡಿದರೂ ಒಂದು ಸುಳಿವು ಸಿಗುತ್ತದೆ: ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸು ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು, ಸೆಳೆತವೂ ಹೆಚ್ಚು.

ಗಾಳಿಯದೂ ಇಲ್ಲೊಂದು ದಿನಚರಿ ಇದೆ. ಚಳಿಗಾಲ ಬೇಸಿಗೆಗಳಲ್ಲಿ, ರಾತ್ರಿ ತಣಿದ ನೆಲದಿಂದ ಕಡಲಿಗೆ ಬೀಸುವ ಗಾಳಿ ಬೆಳಿಗ್ಗೆಯ ಹೊತ್ತು ಇನ್ನೂ ಉಳಿದಿರುತ್ತದೆ. ಬಿಸಿಲೇರಿದಂತೆ ಅದು ತಿರುಗಿ, ಮಧ್ಯಾಹ್ನಕ್ಕೆ ಕಡಲಿನಿಂದ ನೆಲಕ್ಕೆ ಬೀಸತೊಡಗುತ್ತದೆ. ಬೆಳಗಿನ ಆರೂವರೆಗೆ ಸಮುದ್ರ ಚಾಪೆ ಹಾಸಿದಂತೆ ಕಾಣುವುದು ಗಾಳಿ ಆಗ ನೆಲದಿಂದ ಬೀಸುವುದಕ್ಕೇ, ಲೈಮ್ ರೀಜಿಸ್‌ನಲ್ಲಿ ದಂಡೆಯ ನೀರು ಶಾಂತವಾಗಿ ಕಂಡದ್ದೂ ಅದಕ್ಕೇ. ಇನ್ನು ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಘಟ್ಟದ ಕಡೆಯಿಂದ ಕಪ್ಪು ಮೋಡ ಇಳಿದು ಬರುವ ಗಾಳಿಮಳೆಗೆ ಮುನ್ಸೂಚನೆ ಅರ್ಧ ಗಂಟೆಯೂ ಇರುವುದಿಲ್ಲ. ಅದೂ ನೆಲದಿಂದ ಕಡಲಿಗೇ ಬೀಸುವ ಗಾಳಿ, ಜೊತೆಗೆ ಸಿಡಿಲು. ಬಯಲು ನೀರಿನ ಮೇಲೆ ಎಲ್ಲಕ್ಕಿಂತ ಎತ್ತರವಾಗಿ ನಿಂತಿರುವುದು ಹಾಯಿಯ ಕಂಬ, ಇಲ್ಲವೇ ಕಯಾಕ್‌ನಲ್ಲಿ ಕೂತವರ ತಲೆ.

ಅಣೆಕಟ್ಟಿನ ಕೆಳಗಿನ ಹೊಳೆಗಳ ಲೆಕ್ಕ ಮತ್ತೊಂದು. ಗಣೇಶಗುಡಿಯ ಬಳಿ ಕಾಳಿ ನದಿಯ ಸೆಳವು ಸೂಪಾ ಅಣೆಕಟ್ಟೆಯ ವಿದ್ಯುದಾಗಾರ ಎಷ್ಟು ನೀರು ಬಿಡುತ್ತದೆ ಎಂಬುದನ್ನು ಹೊಂದಿಕೊಂಡಿದೆ. ಆಕಾಶ ನೋಡಿ ಅದನ್ನು ಊಹಿಸಲಾಗದು. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಲಾರ್ಜಿ ಅಣೆಕಟ್ಟೆಯಿಂದ ಬಿಟ್ಟ ನೀರು, ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನೂ ಅವರ ಪ್ರವಾಸದ ಮಾರ್ಗದರ್ಶಕನನ್ನೂ ಕೊಚ್ಚಿಕೊಂಡು ಹೋಯಿತು. ಅವರು ದೋಣಿ ಹತ್ತಿರಲೂ ಇಲ್ಲ.

ಲೈಫ್ ಜಾಕೆಟ್ ವಿಚಾರಕ್ಕೆ ಬರೋಣ. ಅಮೆರಿಕದ ಕರಾವಳಿ ರಕ್ಷಣಾ ಪಡೆ ವಿಹಾರದ ದೋಣಿಗಳ ಅಪಘಾತಗಳ ಲೆಕ್ಕವನ್ನು ಪ್ರತಿವರ್ಷ ಪ್ರಕಟಿಸುತ್ತದೆ. 2023ರಲ್ಲಿ ಅಲ್ಲಿ ಸತ್ತವರು 564 ಮಂದಿ. ಸಾವಿನ ಕಾರಣ ಗೊತ್ತಿರುವವರಲ್ಲಿ ನಾಲ್ವರಲ್ಲಿ ಮೂವರು ಮುಳುಗಿ ಸತ್ತವರು. ಮುಳುಗಿದವರ ಪೈಕಿ, ಜಾಕೆಟ್ ವಿವರ ದಾಖಲಾಗಿದ್ದವರಲ್ಲಿ, ಶೇಕಡಾ 87 ಮಂದಿ ಅದನ್ನು ತೊಟ್ಟಿರಲಿಲ್ಲ. ಸಾವಿಗೆ ಒದಗಿದ ಕಾರಣಗಳಲ್ಲಿ ಅಲ್ಲಿ ಮದ್ಯ ವರ್ಷ ವರ್ಷವೂ ಮುಂದಿನ ಸಾಲಿನಲ್ಲೇ ಇರುತ್ತದೆ.

ಜಾಕೆಟ್‌ಗಳಲ್ಲೂ ಬಗೆಗಳಿವೆ. ಕಯಾಕ್ ಮತ್ತು ಡಿಂಗಿಗಳಲ್ಲಿ ಬಳಸುವ ಫೋಮ್ ಜಾಕೆಟ್ಟಿನ ಎತ್ತುವ ಬಲ ಸಾಮಾನ್ಯವಾಗಿ 50 ನ್ಯೂಟನ್, ಅಂದರೆ ಸುಮಾರು ಐದು ಕಿಲೋ ಭಾರವನ್ನು ಮೇಲೆತ್ತುವಷ್ಟು. ನೀರಿನಲ್ಲಿ ಮನುಷ್ಯನ ಭಾರ ಅಷ್ಟಿಲ್ಲ, ಹೀಗಾಗಿ ಎಚ್ಚರವಿದ್ದು ಕೈಕಾಲು ಆಡಿಸುವವರಿಗೆ, ನೆರವು ಹತ್ತಿರ ಇರುವ ಕಡೆ, ಇಷ್ಟು ಸಾಕು. ಪ್ರಜ್ಞೆ ತಪ್ಪಿದವರನ್ನು ಮುಖ ಮೇಲಾಗುವಂತೆ ತಿರುಗಿಸುವ ಕೆಲಸ ಇದರಿಂದಾಗದು. ಅದಕ್ಕೆ 150 ನ್ಯೂಟನ್ ಬಲದ, ಕೊರಳ ಸುತ್ತ ಉಬ್ಬುವ ಬೇರೆ ಜಾತಿಯ ಜಾಕೆಟ್ ಬೇಕು. ಇಷ್ಟೆಲ್ಲ ಲೆಕ್ಕ ಉಪಯೋಗಕ್ಕೆ ಬರುವುದು ಪಟ್ಟಿಗಳನ್ನು ಬಿಗಿದಾಗ ಮಾತ್ರ. ನಮ್ಮ ಪ್ರವಾಸಿ ತಾಣಗಳಲ್ಲಿ ಕಾಣುವ ದೃಶ್ಯ ಬೇಸರ ತರಿಸುತ್ತದೆ: ಬಿಸಿಲಿಗೆ ಬಣ್ಣ ಹಾರಿದ, ಬಕಲ್ ಮುರಿದ, ಎಲ್ಲರಿಗೂ ಒಂದೇ ಅಳತೆಯ ಜಾಕೆಟ್. ಎಂಟು ವರ್ಷದ ಹುಡುಗಿಗೆ ಅಪ್ಪನ ಅಳತೆಯದ್ದನ್ನು ತೊಡಿಸಿರುತ್ತಾರೆ. ಅವಳು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಅವಳು ಅದರ ತೋಳಿನಿಂದ ಕೆಳಕ್ಕೆ ಜಾರುತ್ತಾಳೆ. ಪರೀಕ್ಷೆ ಸುಲಭ. ತೊಟ್ಟ ಮೇಲೆ ಇನ್ನೊಬ್ಬರು ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಗಲ್ಲ ದಾಟಿ ಬಂದರೆ ಅದು ಸರಿಯಿಲ್ಲ, ಬೇರೆ ಕೇಳಬೇಕು. ಕೊಡದಿದ್ದರೆ ಹತ್ತಬಾರದು.

2016ರ ನವೆಂಬರ್ 7ರಂದು ಬೆಂಗಳೂರಿನ ಹೊರವಲಯದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ನಡೆದದ್ದನ್ನು ಕನ್ನಡಿಗರು ಮರೆತಿರಲಾರರು. ಮಾಸ್ತಿಗುಡಿ ಚಿತ್ರದ ಚಿತ್ರೀಕರಣದಲ್ಲಿ ಮೂವರು ನಟರು ಹೆಲಿಕಾಪ್ಟರಿನಿಂದ ನೀರಿಗೆ ಹಾರಿದರು. ನಾಯಕ ನಟನನ್ನು ತೆಪ್ಪದವರು ದಡ ಮುಟ್ಟಿಸಿದರು. ಖಳರ ಪಾತ್ರದಲ್ಲಿದ್ದ ಅನಿಲ್ ಮತ್ತು ಉದಯ್, ಮೈಮೇಲೆ ಜಾಕೆಟ್ ಇಲ್ಲದೆ ಹಾರಿದ್ದವರು, ಕ್ಯಾಮೆರಾಗಳ ಎದುರೇ ಮುಳುಗಿದರು. ನೆರವಿಗೆಂದು ಇಟ್ಟಿದ್ದ ಮೋಟಾರ್ ದೋಣಿ ಸಮಯಕ್ಕೆ ಒದಗಲಿಲ್ಲ. ಇಬ್ಬರೂ ಹೇಡಿಗಳಲ್ಲ, ಧೈರ್ಯದ ಕೊರತೆ ಅಲ್ಲಿ ಯಾರಿಗೂ ಇರಲಿಲ್ಲ. ದಡದಲ್ಲಿ ಯಾರಾದರೊಬ್ಬರು, ದೋಣಿಯ ಎಂಜಿನ್ ಚಾಲೂ ಆಗುವವರೆಗೆ ಹೆಲಿಕಾಪ್ಟರ್ ಏರುವುದು ಬೇಡ ಎನ್ನಬೇಕಿತ್ತು.

ಆ ಒಂದು ಮಾತನ್ನು ಹೇಳುವುದೇ ಕಷ್ಟ, ಹೇಳಿಸಿಕೊಳ್ಳುವುದು ಇನ್ನೂ ಕಷ್ಟ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಮುಂಗಡ ಹಣ ಕಟ್ಟಿ, ಗೆಳೆಯರ ಗುಂಪಿನ ಹುರುಪಿನಲ್ಲಿ ನಿಂತವರಿಗೆ ಗಾಳಿ ಸರಿಯಿಲ್ಲ ಎಂದರೆ ಒಪ್ಪಿಗೆಯಾಗುವುದಿಲ್ಲ. ಪಕ್ಕದವನು ಬಿಡುತ್ತಿದ್ದಾನಲ್ಲ ಎನ್ನುತ್ತಾರೆ. ದಿನಗೂಲಿಯ ಮೇಲೆ ದುಡಿಯುವ ಹುಡುಗ ಮಾಲೀಕನ ಮುಖ ನೋಡುತ್ತಾನೆ, ಮಾಲೀಕ ಗಿರಾಕಿಯ ಮುಖ ನೋಡುತ್ತಾನೆ. ಅಪಾಯದ ಆಯ್ಕೆ ಹೀಗೆ ಯಾರೂ ಆಯ್ದುಕೊಳ್ಳದೆಯೇ ಆಗಿಹೋಗುತ್ತದೆ. ಗಾಳಿ, ನೀರು, ತನ್ನ ಶಕ್ತಿ ಮೂರನ್ನೂ ಅಳೆದು, ಬಿದ್ದರೆ ಏಳುವ ದಾರಿ ತಿಳಿದು, ಕಡಲಿಗೆ ಇಳಿಯುವವರ ಸಾಹಸ ಮೆಚ್ಚತಕ್ಕದ್ದು; ಅವರಿಗೆ ಹೆದರಿಸಿ ಹೇಳಬೇಕಾದ್ದೇನೂ ಇಲ್ಲ. ತಾವು ಪಣಕ್ಕೆ ಏನಿಟ್ಟಿದ್ದೇವೆ ಎಂಬುದೇ ತಿಳಿಯದೆ ಹತ್ತಿ ಕೂರುವವರ ಬಗ್ಗೆ ಈ ಕಳಕಳಿ.

ಕರಾವಳಿಯ ಮೊಗವೀರರು, ಖಾರ್ವಿಗಳು, ಹರಿಕಾಂತರು ಕಡಲಿನ ಮುಂದೆ ಕಾಯುವುದನ್ನು ಅವಮಾನ ಎಂದುಕೊಂಡವರಲ್ಲ. ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸರ್ಕಾರದ ನಿಷೇಧವಿದೆ, ಮೀನಿನ ಸಂತಾನ ಬೆಳೆಯಲೆಂದು. ಅಂಥ ಆದೇಶ ಬರುವುದಕ್ಕೆ ಎಷ್ಟೋ ಮೊದಲಿನಿಂದ ಮಳೆಗಾಲದ ಕಡಲಿಗೆ ಅವರು ದೂರ ಹೋಗುತ್ತಿರಲಿಲ್ಲ. ನೂಲ ಹುಣ್ಣಿಮೆಯ ಹೊತ್ತಿಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ಕಯಾಕ್ ನಡೆಸುವ ಊರಿನಲ್ಲಿ ಇಂಥ ಹಿರಿಯರೊಬ್ಬರು ದಂಡೆಯಲ್ಲಿ ಬಲೆ ಹೆಣೆಯುತ್ತ ಕೂತಿರುತ್ತಾರೆ. ಇವತ್ತು ಇಳಿಯಬಹುದೇ ಎಂದು ಅವರನ್ನು ಕೇಳಿದರೆ ಮೊಬೈಲಿನ ಹವಾಮಾನ ವರದಿಯಲ್ಲಿ ಇಲ್ಲದ ಉತ್ತರ ಸಿಗುತ್ತದೆ.

ಕೇಳುಗರೇ, ಈ ರಜೆಯಲ್ಲಿ ನಿಮ್ಮ ಮನೆಯವರು ಯಾರಾದರೂ ಕಯಾಕ್ ಏರುವುದಿದ್ದರೆ, ಹಾಯಿದೋಣಿ ಕಲಿಯಲು ಹೋಗುವುದಿದ್ದರೆ, ಸಂತೋಷದಿಂದ ಕಳಿಸಿಕೊಡಿ. ಹೊರಡುವ ಮುನ್ನ ಅವರಿಂದ ಒಂದು ಚೀಟಿ ಬರೆಸಿಕೊಳ್ಳಿ: ಎಲ್ಲಿ ಇಳಿಯುತ್ತಾರೆ, ಎತ್ತ ಹೋಗುತ್ತಾರೆ, ಎಷ್ಟು ಜನ, ಎಷ್ಟು ಗಂಟೆಗೆ ಮರಳುತ್ತಾರೆ. ಫೋನನ್ನು ನೀರು ಸೇರದ ಚೀಲದಲ್ಲಿ ಹಾಕಿ, ಚೀಲವನ್ನು ದೋಣಿಗೆ ಕಟ್ಟದೆ ಮೈಗೆ ಕಟ್ಟಿಕೊಳ್ಳಲು ಹೇಳಿ. ಹೇಳಿದ ಗಂಟೆ ಮೀರಿ ಅವರು ಬಾರದೆ ಇದ್ದರೆ, ಫೋನೂ ಸಿಗದಿದ್ದರೆ, ಇನ್ನೇನು ಬಂದಾರು ಎಂದು ಕಾಯುತ್ತ ಕೂರಬೇಡಿ. ಕರೆ ಮಾಡಬೇಕಾದ ಸಂಖ್ಯೆ 112. ಕಡಲಿನಲ್ಲಾದರೆ ಭಾರತೀಯ ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093.